ಹತ್ತು ಪಟ್ಟು ಟೀಪಾಟು

ರಾತ್ರಿ ಹನ್ನೆರಡು ದಾಟಿದ ಮೇಲೆ ಹಿತ್ತಲಿನ ಶೆಡ್ಡಿನ ಕಡೆಯಿಂದ 'ಟಿಕ್' ಎಂದು ಒಂದು ಸದ್ದು ಬಂತು. ಗಡಿಯಾರದ್ದಲ್ಲ, ಗಡಿಯಾರವಾಗಿದ್ದರೆ ಇನ್ನೊಂದು ಸಲ ಅನ್ನಬೇಕಿತ್ತು. ಆಸ್ಮಂಡ್ ಟ್ರೆಜೈಸ್ ಮಂಚದ ತನ್ನ ಅರ್ಧದಲ್ಲಿ ಎದ್ದು ಕೂತ. ಇನ್ನೊಂದು ಅರ್ಧದ ಹೊದಿಕೆ ಮಡಿಕೆ ಕೆಡದೆ ಎರಡು ಚಳಿಗಾಲ ಕಳೆದಿತ್ತು.

"ಪಾಸಮ್ ಇರಬೇಕು," ಎಂದು ಆ ಮಡಿಕೆಯ ಕಡೆ ತಿರುಗಿ ಹೇಳಿದ. ಆ ಕಡೆಯಿಂದ ವಿರೋಧ ಬರಲಿಲ್ಲ.

ಟಾರ್ಚು ಹಿಡಿದು ಹೋಗಿ ನೋಡಿದರೆ ಪಾಸಮ್ ಆಗಲಿ, ರಾತ್ರಿ ಅಲೆಯುವ ಇನ್ನಾವ ಪ್ರಾಣಿಯಾಗಲಿ ಇರಲಿಲ್ಲ. ಶೆಡ್ಡಿನ ತುಂಬ ಹತ್ತು ಅಡಿ ಎತ್ತರದ ಸಿಮೆಂಟಿನ ಟೀಪಾಟು ನಿಂತಿತ್ತು. ಅದರ ಬುಡದಿಂದ ಹೊರಟ ಕೂದಲೆಳೆಯಂಥ ಒಂದು ಗೆರೆ ನೆಲದ ಮೇಲೆ ಹಾದು, ಆಸ್ಮಂಡನ ಚಪ್ಪಲಿಯ ತನಕ ಬಂದು ನಿಂತಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಂದು ಗೋಣಿಚೀಲ ತಂದು ಗೆರೆಯ ಮೇಲೆ ಹಾಸಿ ಹೋಗಿ ಮಲಗಿದ. ಅವನಿಗೆ ತಿಳಿದ ಇಂಜಿನಿಯರಿಂಗ್ ಅಲ್ಲಿಗೆ ಮುಗಿದಿತ್ತು.

ಆ ಗೆರೆ ಹುಟ್ಟಿದ್ದು ನಾಲ್ಕು ತಿಂಗಳ ಹಿಂದೆ, ಊರಿನ ಸಭಾಭವನದಲ್ಲಿ, ಅವನದೇ ಬಾಯಿಂದ.

ಮುಂಡೋವಿ ಎಂಬ ಆ ಊರು ಇರುವುದು ದಕ್ಷಿಣ ಆಸ್ಟ್ರೇಲಿಯಾದ ಗೋಧಿ ಹೊಲಗಳ ನಡುವೆ. ಹಿಂದೆ ಅಲ್ಲಿ ರೈಲು ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು, ಟೀ ಕುಡಿಯುವುದಕ್ಕೆ. ಸ್ಟೇಷನ್ನಿನಲ್ಲಿ ಹದಿನಾರು ಕಪ್ಪು ಹಿಡಿಯುವ ಕಂದುಬಣ್ಣದ ದಪ್ಪ ಪಿಂಗಾಣಿ ಟೀಪಾಟಿನಿಂದ ಟೀ ಬಗ್ಗಿಸಿ ಕೊಡುತ್ತಿದ್ದವಳು ಆಸ್ಮಂಡನ ಹೆಂಡತಿ ಎನಿಡ್. ಕಡೆಯ ರೈಲು ಹೋದ ದಿನ ಆ ಪಾಟನ್ನು ಅವಳಿಗೇ ಕೊಟ್ಟರು. ಈಗ ಹಳಿ ಇಲ್ಲ, ಎನಿಡ್ ಇಲ್ಲ. ಹೆದ್ದಾರಿ ಇದೆ; ಅದರ ಮೇಲೆ ಹೋಗುವ ಕಾರುಗಳಿಗೆ ಮುಂಡೋವಿ ಎನ್ನುವುದು ಒಂದು ಕೆಮ್ಮು ಮುಗಿಯುವಷ್ಟು ಊರು.

"ಪಕ್ಕದೂರು ಬಾರಲ್ಟಾದವರ ಹತ್ರ ಏನಿದೆ? ರಸ್ತೆ ಪಕ್ಕ ಸಿಮೆಂಟಿನ ಒಂದು ದೊಡ್ಡ ಈರುಳ್ಳಿ," ಎಂದಿದ್ದಳು ಅಂದಿನ ಸಭೆಯಲ್ಲಿ ಊರ ಪ್ರಗತಿ ಸಂಘದ ಅಧ್ಯಕ್ಷೆ ಡೆಲ್ಮಾ ಪೆಂಗಿಲಿ. "ಅದೂ ಒಳಗೆ ಪೊಳ್ಳು. ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋಕೆ ಬಸ್ಸು ಬಸ್ಸೇ ಇಳೀತಾರೆ. ನಮ್ಮೂರಲ್ಲಿ ಬಸ್ಸು ನಿಲ್ಲೋದು ಟೈರು ಪಂಕ್ಚರ್ ಆದಾಗ ಮಾತ್ರ."

"ನಿಂತ್ರೂ ನನ್ನ ಗ್ಯಾರೇಜಿನ ಮುಂದೆ," ಎಂದ ಕ್ಲೆಮ್ ಹಾಕಿಂಗ್. ಗ್ಯಾರೇಜು ಅವನದು, ಕೆಟ್ಟ ಗಾಡಿಗಳನ್ನು ಎತ್ತಿ ಎಳೆಯುವ ಊರಿನ ಒಂದೇ ಒಂದು ಟೋಯಿಂಗ್ ಲಾರಿ ಅವನದು, ಬೇರೆಯವರ ಮಾತಿನ ಬಾಲ ಹಿಡಿದು ಎಳೆಯುವ ಕೆಲಸವೂ ಅವನದೇ.

ದೊಡ್ಡ ಟೀಪಾಟು ಮಾಡುವುದೆಂದು ತೀರ್ಮಾನವಾಯಿತು. ಎನಿಡಳ ಪಾಟು ಒಂದು ಅಡಿ ಎತ್ತರ. ಇದು ಹತ್ತು ಅಡಿ. ಅಷ್ಟರಲ್ಲಿ ಕೌನ್ಸಿಲ್ಲಿನಿಂದ ಬಂದಿದ್ದ ಹೆಡ್ಲಮ್ ಅವರು ಪೆನ್ನಿನ ಮುಚ್ಚಳ ತೆಗೆದು, "ತೂಕ ಎಷ್ಟಾಗುತ್ತೆ?" ಎಂದರು. "ಐವತ್ತು ಕಿಲೋ ಒಳಗಿದ್ರೆ ಅದು ತೋಟದ ಅಲಂಕಾರ ವಸ್ತು. ಒಂದು ಸಹಿ ಸಾಕು. ಮೇಲೆ ಹೋದ್ರೆ ಫಾರಂ ಬೇರೆ."

ಎಲ್ಲರೂ ಆಸ್ಮಂಡನ ಕಡೆ ತಿರುಗಿದರು. ಎನಿಡ್ ಹೋದ ಮೇಲೆ ಆರು ಜನ ಒಟ್ಟಿಗೆ ಅವನ ಕಡೆ ತಿರುಗಿದ್ದು ಅದೇ ಮೊದಲು. ಅವನು ಮೂವತ್ತೊಂದು ವರ್ಷ ಗೋಧಿ ಉಗ್ರಾಣದ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ಬರೆದವನು. ತೂಕ ಹೇಳುತ್ತಿದ್ದದ್ದು ಯಂತ್ರದ ಮುಳ್ಳು, ಇವನು ಬರೆಯುತ್ತಿದ್ದದ್ದಷ್ಟೇ. ಆದರೆ ಆ ವ್ಯತ್ಯಾಸವನ್ನು ಊರವರು ಮರೆತಿದ್ದರು, ಕಾಲಕ್ರಮದಲ್ಲಿ ಅವನೂ ಮರೆತಿದ್ದ.

"ಎನಿಡಳ ಪಾಟು ಮೂರು ಕಿಲೋ," ಎಂದ ಗಂಟಲು ಸರಿಮಾಡಿಕೊಂಡು. "ಹತ್ತು ಪಟ್ಟು ಎತ್ತರ ಅಂದ್ರೆ ಹತ್ತು ಪಟ್ಟು ತೂಕ. ಮೂವತ್ತು ಕಿಲೋ. ಅಳತೆ ವಿಷಯ ನನಗೆ ಬಿಡಿ."

"ಮೂವತ್ತು ಕಿಲೋನಾ? ನಮ್ಮನೆ ನಾಯಿ ಇನ್ನೂ ಜಾಸ್ತಿ ತೂಗುತ್ತೆ," ಎಂದ ಕ್ಲೆಮ್.

"ನಿಮ್ಮನೆ ನಾಯಿಗೆ ನೀನು ಹಾಕೋದು ನೋಡಿದೀನಿ," ಎಂದಳು ಡೆಲ್ಮಾ. ಹೆಡ್ಲಮ್ ಅವರು 'ತೋಟದ ಅಲಂಕಾರ ವಸ್ತು, ಮೂವತ್ತು ಕಿಲೋ' ಎಂದು ಬರೆದುಕೊಂಡು ಎದ್ದರು.

ಊರಿನಲ್ಲಿ ಎತ್ತರದ ಶೆಡ್ಡು ಆಸ್ಮಂಡನದೇ ಆದ್ದರಿಂದ ಕೆಲಸ ಅವನ ಹಿತ್ತಲಲ್ಲಿ ಶುರುವಾಯಿತು. ಶನಿವಾರ, ಶನಿವಾರ. ಮೊದಲ ಶನಿವಾರ ಹನ್ನೊಂದು ಜನ ಬಂದರು. ಅದಕ್ಕೆ ಮುಂಚೆ ಆ ಮನೆಯ ಬಾಗಿಲಿಗೆ ಬಂದಿದ್ದ ಕೊನೆಯ ವ್ಯಕ್ತಿ ಬೇರೆ ಮನೆ ಹುಡುಕಿಕೊಂಡು ಬಂದವನಾಗಿದ್ದ. ಅವನಿಗೂ ಆಸ್ಮಂಡ್ ಟೀ ಬೇಕೇ ಎಂದು ಕೇಳಿದ್ದ.

ಟೀಯ ವಿಷಯದಲ್ಲಿ ಅವನಿಗೆ ಒಂದು ದೂರಿತ್ತು. ಎನಿಡ್ ಹೋದ ಮೇಲೆ ಹದಿನಾರು ಕಪ್ಪಿನ ಪಾಟು ಒಬ್ಬನಿಗೆ ಹೆಚ್ಚಾಗಿ, ಅದೇ ಕಾರ್ಖಾನೆಗೆ ಪತ್ರ ಬರೆದು, ಅದೇ ಆಕಾರದ, ಅರ್ಧ ಎತ್ತರದ್ದನ್ನು ತರಿಸಿದ್ದ. ಅರ್ಧ ಎಂದರೆ ಎಂಟು ಕಪ್ಪು, ಯಾರಾದರೂ ಬಂದರೆ ಇರಲಿ ಎಂಬುದು ಅವನ ಅಂದಾಜು. ಬಂದ ಪಾಟಿನಲ್ಲಿ ಎರಡು ಕಪ್ಪು ಹಿಡಿಯಿತು. ಮೋಸ ಎಂದು ಮೂರು ಪತ್ರ ಬರೆದ. ಅಳತೆ ಸರಿಯಾಗಿದೆ ಎಂದು ಮೂರು ಉತ್ತರ ಬಂದವು. ಅವು ಎನಿಡ್ ಹೋದ ಮೇಲೆ ಅವನ ಹೆಸರಿಗೆ ಬಂದ ಪತ್ರಗಳಾದ್ದರಿಂದ ಜೋಪಾನವಾಗಿ ಇಟ್ಟುಕೊಂಡಿದ್ದ. ದಿನವೂ ಬೆಳಿಗ್ಗೆ ಎರಡು ಕಪ್ಪು ಬಗ್ಗಿಸುತ್ತಿದ್ದ. ಒಂದನ್ನು ಕುಡಿಯುತ್ತಿದ್ದ. ಇನ್ನೊಂದು ಎದುರಿನ ಕುರ್ಚಿಯ ಮುಂದೆ ತಣ್ಣಗಾಗುತ್ತಿತ್ತು.

ಶನಿವಾರಗಳಲ್ಲಿ ಮಾತ್ರ ಹದಿನಾರು ಕಪ್ಪಿನದು ಕಪಾಟಿನಿಂದ ಇಳಿಯುತ್ತಿತ್ತು. ಅವತ್ತು ಅವನು ನಸುಕಿನಲ್ಲೇ ಎದ್ದು ಹನ್ನೊಂದು ಕಪ್ಪು ತೊಳೆಯುತ್ತಿದ್ದ; ಶುಕ್ರವಾರ ತೊಳೆದಿಟ್ಟ ಕಪ್ಪುಗಳನ್ನೇ.

ಕೆಲಸ ಸಾಗಿತು. ಕಬ್ಬಿಣದ ಸರಳು, ಕೋಳಿಗೂಡಿನ ತಂತಿ, ಮೇಲೆ ಸಿಮೆಂಟು. ಆಸ್ಮಂಡನ ಲೆಕ್ಕದಂತೆ ಇಪ್ಪತ್ತು ಕಿಲೋದ ಒಂದೂವರೆ ಚೀಲ ಸಾಕಾಗಬೇಕಿತ್ತು. ಮೊದಲ ಶನಿವಾರ ಮಧ್ಯಾಹ್ನಕ್ಕೆ ಒಂದೂವರೆ ಚೀಲ ಮುಗಿದು ಟೀಪಾಟಿನ ತಳವೂ ಪೂರ್ತಿ ಮುಚ್ಚಿರಲಿಲ್ಲ.

"ಏನಪ್ಪಾ ಆಸ್," ಎಂದ ಕ್ಲೆಮ್, "ನಿನ್ನ ಮೂವತ್ತು ಕಿಲೋ ಆಗಲೇ ಪಾದದಲ್ಲೇ ಇದೆಯಲ್ಲ."

"ಈಗ ಹಸಿ ಇದೆ. ನೀರು ಆರಿದ್ಮೇಲೆ ಹಗುರಾಗುತ್ತೆ."

"ಎಷ್ಟು ಹಗುರಾಗುತ್ತೆ?"

"ಆರಿದ್ಮೇಲೆ ನೋಡೋಣ."

ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ಮನೆಯ ಮೂಲೆಯಲ್ಲಿ ಉಳಿದಿದ್ದ ಚೀಲ, ಅಳಿಯನ ಮನೆಯ ಚೀಲ, ಚರ್ಚಿನ ಮೆಟ್ಟಿಲಿಗೆಂದು ಇಟ್ಟಿದ್ದ ಚೀಲ ಎಂದು ತಂದು ಸುರಿದರು. ಪ್ರತಿಯೊಬ್ಬರಿಗೂ ತಾವು ತಂದದ್ದು ಮಾತ್ರ ಗೊತ್ತಿತ್ತು. ಎಲ್ಲರ ಕೊಡುಗೆ ಎಲ್ಲರಿಗೂ ಸ್ವಲ್ಪವೇ ಕಂಡಿತು. ಮೂವತ್ತು ಕಿಲೋ ಎಂಬ ಮಾತು ಕೌನ್ಸಿಲ್ಲಿನ ಕಾಗದದ ಮೇಲೆ ಇದ್ದುದರಿಂದ ಅದನ್ನು ಅನುಮಾನಿಸುವುದು ಯಾರಿಗೂ ಸಭ್ಯತೆ ಅನಿಸಲಿಲ್ಲ.

ಬಣ್ಣದ ಕಥೆ ಬೇರೆ. ಎನಿಡಳ ಪಾಟಿನಷ್ಟೇ ಗಾತ್ರದ ಹೂಕುಂಡಕ್ಕೆ ಒಂದು ಪುಟ್ಟ ಡಬ್ಬಿ ಹಿಡಿದಿತ್ತೆಂದು ಆಸ್ಮಂಡ್ ಕಂದುಬಣ್ಣದ ಹತ್ತು ಡಬ್ಬಿ ತಂದ. ಮೂತಿಗೆ ಬಳಿಯುವಷ್ಟರಲ್ಲಿ ಹತ್ತೂ ಖಾಲಿ.

"ಸಿಮೆಂಟು ಬಣ್ಣ ಹೀರ್ತಾ ಇದೆ," ಎಂದ ಆಸ್ಮಂಡ್.

"ಸಿಮೆಂಟು ನೀರು ಬಿಡುತ್ತೆ, ಬಣ್ಣ ಹೀರುತ್ತೆ. ಬಹಳ ಕೆಲಸ ಮಾಡುತ್ತೆ ನಿನ್ನ ಸಿಮೆಂಟು," ಎಂದ ಕ್ಲೆಮ್. ಕಡೆಗೆ ಅವನೇ ಗ್ಯಾರೇಜಿನ ಹಳದಿ ತಂದ. ಡೆಲ್ಮಾ ಅಡುಗೆಮನೆಯ ತಿಳಿಹಸಿರು ತಂದಳು. ಶಾಲೆಯಿಂದ ನೀಲಿ, ಚರ್ಚಿನಿಂದ ಕೆನೆಬಣ್ಣ ಬಂತು. ಟೀಪಾಟು ಊರಿನ ಎಲ್ಲ ಬಾಗಿಲುಗಳನ್ನೂ ಹೊಲಿದ ಕೌದಿಯಂತಾಯಿತು.

ಹದಿನಾಲ್ಕನೆಯ ಶನಿವಾರದ ಹೊತ್ತಿಗೆ ಕೆಲಸ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಆಸ್ಮಂಡ್ ಎಲ್ಲರಿಗಿಂತ ಮೆಲ್ಲಗೆ ತಟ್ಟಿದ. ಅವನ ಲೆಕ್ಕಗಳೆಲ್ಲ ತಪ್ಪಿದ್ದರೂ ಒಂದು ಸರಿಯಿತ್ತು: ಟೀಪಾಟು ಮುಗಿದರೆ ಶನಿವಾರಗಳೂ ಮುಗಿಯುತ್ತವೆ.

ಮರುದಿನ ಭಾನುವಾರ ಅದನ್ನು ಹೆದ್ದಾರಿಯ ಪಕ್ಕಕ್ಕೆ ಸಾಗಿಸಿ ಉದ್ಘಾಟನೆ ಮಾಡುವುದೆಂದು ಗೊತ್ತಾಗಿತ್ತು. ಆ ರಾತ್ರಿಯೇ 'ಟಿಕ್' ಎಂದದ್ದು, ಗೋಣಿಚೀಲ ಹಾಸಿದ್ದು.

ಬೆಳಿಗ್ಗೆ ಹತ್ತಕ್ಕೆ ಊರೆಲ್ಲ ಬಂತು. ಡೆಲ್ಮಾ ಮತ್ತು ಸಂಘದ ಹೆಂಗಸರು ನಲವತ್ತು ಲೀಟರ್ ಟೀ ಕಾಯಿಸಿ ತಂದಿದ್ದರು. ಎನಿಡಳ ಪಾಟು ನಾಲ್ಕು ಲೀಟರ್ ಹಿಡಿಯುತ್ತಿತ್ತು. ಹತ್ತು ಪಟ್ಟು ಎಂದರೆ ನಲವತ್ತು ಎಂದು ಆಸ್ಮಂಡನೇ ಹೇಳಿದ್ದ. ಮೇಲಿಂದ ಸುರಿದು, ಮೂತಿಯಿಂದ ಬಿದ್ದ ಮೊದಲ ಕಪ್ಪನ್ನು ಹೆಡ್ಲಮ್ ಅವರಿಗೆ ಕೊಡಬೇಕೆಂಬುದು ಕಾರ್ಯಕ್ರಮ.

ಕ್ಲೆಮ್ ಟೋಯಿಂಗ್ ಲಾರಿಯನ್ನು ಹಿಂದಕ್ಕೆ ತಂದು, ಟೀಪಾಟಿನ ಸೊಂಟಕ್ಕೆ ಸರಪಳಿ ಸುತ್ತಿ, "ಮೂವತ್ತು ಕಿಲೋಗೆ ಲಾರಿ ಯಾಕೆ, ಕಂಕುಳಲ್ಲಿ ಇಟ್ಕೊಂಡು ಹೋಗೋಣ ಅಂದ್ರೆ ಕೇಳಲ್ಲ ಇವರು," ಎಂದು ಗೊಣಗುತ್ತ ಕೂತು ಎತ್ತುವ ಗುಂಡಿ ಒತ್ತಿದ.

ಸರಪಳಿ ಬಿಗಿಯಿತು. ಲಾರಿ ಗುರ್ರೆಂದಿತು. ಏನೋ ಮೇಲೇಳತೊಡಗಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಏಳುತ್ತಿರುವುದು ಲಾರಿಯ ಮುಂದಿನ ಚಕ್ರಗಳು ಎಂದು ಗೊತ್ತಾಗಿ ನಿಲ್ಲಿಸಿದರು. ಟೀಪಾಟು ಅಲುಗಲಿಲ್ಲ. ಕ್ಲೆಮ್ ಗಾಜಿನ ಹಿಂದೆ ಆಕಾಶ ನೋಡುತ್ತ ಕೂತ.

ಆಗ ಗೋಣಿಚೀಲದ ಕೆಳಗಿನಿಂದ ಇನ್ನೊಂದು ಸದ್ದು ಬಂತು. ಇದು 'ಟಿಕ್' ಆಗಿರಲಿಲ್ಲ. ಶೆಡ್ಡಿನ ನೆಲ ನಾಲ್ಕು ಹೋಳಾಗಿ, ಟೀಪಾಟು ಬಹಳ ಹೊತ್ತಿನಿಂದ ನಿಂತಿದ್ದ ಹಿರಿಯರು ಕೂರುವ ಹಾಗೆ, ನಿಧಾನವಾಗಿ ಒಂದು ಗೇಣು ಕೆಳಗೆ ಕೂತಿತು.

"ಇದು ಮೂವತ್ತು ಕಿಲೋ ಅಲ್ಲ," ಎಂದರು ಹೆಡ್ಲಮ್ ಅವರು, ಕಾಗದ ಮತ್ತು ಟೀಪಾಟನ್ನು ಒಂದರ ಪಕ್ಕ ಒಂದು ನೋಡಿ.

"ಇನ್ನೂ ಪೂರ್ತಿ ಆರಿಲ್ಲ," ಎಂದ ಆಸ್ಮಂಡ್.

ಗುಂಪಿನ ಹಿಂದಿನಿಂದ ಮಿಸ್ ಟ್ರಾನ್ ಮುಂದೆ ಬಂದರು. ಹನ್ನೆರಡು ಮಕ್ಕಳ ಆ ಶಾಲೆಗೆ ಅವರು ಒಬ್ಬರೇ ಟೀಚರು. ವಾರದ ಹಿಂದಷ್ಟೇ ಊರಿಗೆ ವರ್ಗವಾಗಿ ಬಂದಿದ್ದರು. ಅಳತೆಯಲ್ಲಿ ಒಂದು ನೂಲು ಹೆಚ್ಚು ಕಡಿಮೆ ಮಾತಾಡದ ಹೆಂಗಸು. ಟೀ ಮೇಜಿನಿಂದ ಚೌಕನೆಯ ಸಕ್ಕರೆ ಗಟ್ಟಿಗಳ ಡಬ್ಬಿ ತೆಗೆದುಕೊಂಡು ಒಂದು ಗಟ್ಟಿಯನ್ನು ಮೇಜಿನ ಮೇಲಿಟ್ಟರು.

"ಆಸ್ಮಂಡ್ ಅವರೇ, ಇದರ ಎರಡು ಪಟ್ಟು ದೊಡ್ಡದು ಮಾಡಬೇಕು. ಎಷ್ಟು ಗಟ್ಟಿ ಬೇಕು?"

"ಎರಡು."

ಟೀಚರು ಎರಡು ಇಟ್ಟರು. "ಉದ್ದ ಆಯ್ತು. ಅಗಲ?" ಮತ್ತೆ ಎರಡು ಜೋಡಿಸಿದರು. "ಎತ್ತರ?" ಮೇಲೆ ನಾಲ್ಕು ಇಟ್ಟರು. "ಎಣಿಸಿ."

ಆಸ್ಮಂಡ್ ಬೆರಳಿಟ್ಟು ಎಣಿಸಿದ. ಎಂಟು ಬಂತು. ಇನ್ನೊಂದು ಸಲ ಎಣಿಸಿದ. ಎಂಟೇ.

"ಒಂದು ಮುಖಕ್ಕೆ ಬಣ್ಣ ಬಳಿಯೋದಾದ್ರೆ ನಾಲ್ಕು ಪಟ್ಟು ಬೇಕು. ತುಂಬೋಕೆ, ತೂಗೋಕೆ ಎಂಟು ಪಟ್ಟು. ಹತ್ತು ಪಟ್ಟು ಎತ್ತರ ಮಾಡಿದ್ರೆ ಬಣ್ಣ ನೂರು ಪಟ್ಟು, ತೂಕ ಸಾವಿರ ಪಟ್ಟು. ಮೂರು ಕಿಲೋದು ಮೂರು ಸಾವಿರ ಕಿಲೋ ಆಗುತ್ತೆ."

ಮೇಲಿನಿಂದ ಕ್ಲೆಮ್ ಕಿಟಕಿ ಇಳಿಸಿ, "ಪಾಠ ಮುಗಿದಿದ್ರೆ ನಾನು ಇಳೀಬಹುದಾ?" ಎಂದ.

ಅವನನ್ನು ಇಳಿಸಿಯಾದ ಮೇಲೆ ಡೆಲ್ಮಾ ಟೀ ಕೆಡಬಾರದೆಂದು ಏಣಿ ಹತ್ತಿಸಿ ನಲವತ್ತು ಲೀಟರನ್ನೂ ಒಳಗೆ ಸುರಿಸಿದಳು. ಎಲ್ಲರೂ ಕಪ್ಪು ಹಿಡಿದು ಮೂತಿಯ ಕೆಳಗೆ ನಿಂತರು. ಮೂತಿಯಿಂದ ಒಂದು ಜೇಡ ಇಳಿದು ಬಂತು. ಏಣಿಯ ಮೇಲಿದ್ದವನು ಟಾರ್ಚು ಹಾಕಿ ನೋಡಿ, "ತಳದಲ್ಲಿ ಒಂದು ಬೆರಳು ದಪ್ಪ ಇದೆ, ಡೆಲ್ಮಾ. ಬಗ್ಗಿಸ್ಬೇಕಾದ್ರೆ ಪಾಟನ್ನೇ ಎತ್ತಿ ವಾಲಿಸ್ಬೇಕು," ಎಂದ.

"ಮುಟ್ಟಿದ್ರೆ ನೋಡು," ಎಂದ ಕ್ಲೆಮ್.

ಇಷ್ಟೆಲ್ಲ ನಡೆಯುವಾಗ ಹೆಡ್ಲಮ್ ಅವರು ಮೂಲೆಯಲ್ಲಿ ಕೂತು ಬೇರೆ ಫಾರಂ ತುಂಬುತ್ತಿದ್ದರು. ಎರಡು ಸಾವಿರ ಕಿಲೋ ದಾಟಿದ್ದು ಅಲಂಕಾರ ವಸ್ತುವಲ್ಲ, ಕಟ್ಟಡ. ಕಟ್ಟಡಕ್ಕೆ ಪ್ರಶ್ನೆಗಳು ಹೆಚ್ಚು.

"ಬೆಂಕಿ ಬಿದ್ರೆ ಹೊರಗೆ ಹೋಗೋ ದಾರಿ?"

"ಮೂತಿ," ಎಂದ ಕ್ಲೆಮ್.

"ಬಚ್ಚಲು?"

ಡೆಲ್ಮಾ ಹೆಡ್ಲಮ್ ಅವರನ್ನು ದುರುಗುಟ್ಟಿ ನೋಡಿದಳು. ಅವರು ಅದನ್ನು ಖಾಲಿ ಬಿಟ್ಟು ಆಸ್ಮಂಡನ ಕಡೆ ತಿರುಗಿದರು. "ವಾಸ ಮಾಡುವವರು ಎಷ್ಟು ಜನ?"

ಆಸ್ಮಂಡ್ ಸಕ್ಕರೆ ಗಟ್ಟಿಗಳನ್ನು ನೋಡುತ್ತ ನಿಂತಿದ್ದ. ಪ್ರಶ್ನೆ ತನ್ನ ಮನೆಯದೆಂದುಕೊಂಡ. "ಒಬ್ಬ," ಎಂದ.

ಹೆಡ್ಲಮ್ ಅವರು 'ಒಬ್ಬ' ಎಂದು ಬರೆದುಕೊಂಡರು. ಅದನ್ನು ಅವರು ಇಂದಿಗೂ ತಿದ್ದಿಲ್ಲ. ಕೌನ್ಸಿಲ್ಲಿನ ಪ್ರಕಾರ ಆ ಟೀಪಾಟಿನಲ್ಲಿ ಒಬ್ಬರು ವಾಸವಿದ್ದಾರೆ.

ಕಡೆಗೆ ಎಲ್ಲರೂ ಆಸ್ಮಂಡನ ಅಡುಗೆಮನೆಗೆ ನುಗ್ಗಿ, ಎನಿಡಳ ಹದಿನಾರು ಕಪ್ಪಿನ ಪಾಟಿನಿಂದ ಸರದಿಯ ಮೇಲೆ ಟೀ ಕುಡಿದು, ಕ್ಲೆಮ್ ಆಕಾಶ ನೋಡಿದ್ದನ್ನು ನೆನೆಸಿಕೊಂಡು ಹೊಟ್ಟೆ ಹಿಡಿದು ನಕ್ಕರು. ಆಸ್ಮಂಡನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದರು ಎಂದು ಅವನಿಗೆ ಆಮೇಲೆ ಅನಿಸಿತು. ಟೀಪಾಟು ಇದ್ದಲ್ಲೇ ಇರಲಿ, ಹೆದ್ದಾರಿಯಲ್ಲಿ ಬಾಣದ ಗುರುತಿನ ಹಲಗೆ ನೆಟ್ಟರಾಯಿತು ಎಂದು ಡೆಲ್ಮಾ ತೀರ್ಪು ಕೊಟ್ಟಳು. ಸಂಜೆಯ ಹೊತ್ತಿಗೆ ಕೊನೆಯ ಕಾರೂ ಹೋಯಿತು.

ಮುಂದಿನ ಶನಿವಾರ ಅವನು ನಸುಕಿನಲ್ಲೇ ಎದ್ದು ಹನ್ನೊಂದು ಕಪ್ಪು ತೊಳೆದ. ಹತ್ತಾಯಿತು, ಹನ್ನೊಂದಾಯಿತು. ಮಧ್ಯಾಹ್ನ ಒಂದು ಕಾರು ಬಂದು ನಿಂತಿತು. ಆಸ್ಮಂಡ್ ಏಪ್ರನ್ ಬಿಚ್ಚಿ ಹೊರಗೆ ಓಡಿದ. ದೊಡ್ಡ ಈರುಳ್ಳಿಗೆ ಯಾವ ಕಡೆ ಹೋಗಬೇಕು ಎಂದು ಕೇಳಿದರು. ದಾರಿ ಹೇಳಿ, ಕೈ ಬೀಸಿ, ಒಳಗೆ ಬಂದು ಕಪ್ಪುಗಳನ್ನು ಕೊಕ್ಕೆಗೆ ನೇತುಹಾಕಿದ.

ಅದರ ಮುಂದಿನ ಶನಿವಾರ ಯಾರೂ ದಾರಿ ಕೇಳಲಿಲ್ಲ.

ಆಮೇಲಿನ ಗುರುವಾರ ಸಂಜೆ ಅವನು ಶೆಡ್ಡಿಗೆ ಹೋಗಿ ಟೀಪಾಟಿನ ಮೂತಿಯೊಳಗೆ ತಲೆ ಹಾಕಿದ. "ಟೀ ಆಯ್ತಾ?" ಎಂದ, ಎನಿಡ್ ಕೇಳುತ್ತಿದ್ದ ಹಾಗೆ. ನಾಲ್ಕು ಸಾವಿರ ಲೀಟರಿನ ಹೊಟ್ಟೆ ಆ ಮಾತನ್ನು ಒಳಗೆಲ್ಲ ಸುತ್ತಾಡಿಸಿ, ದಪ್ಪ ದನಿಯಲ್ಲಿ ಅವನಿಗೇ ಹಿಂದಿರುಗಿಸಿತು. ಇಬ್ಬರಿದ್ದ ಮನೆಯಲ್ಲಿ ಒಬ್ಬ ಉಳಿದರೆ ಎಲ್ಲವೂ ಅರ್ಧವಾಗುತ್ತದೆ ಎಂದು ಅವನು ಎಣಿಸಿದ್ದ. ಸಕ್ಕರೆ ಗಟ್ಟಿಗಳ ಲೆಕ್ಕ ಅಲ್ಲೂ ನಡೆಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ತಲೆ ಹೊರತೆಗೆದು ಸುತ್ತ ನೋಡಿದ. ಗೋಡೆಗೆ ತೂಗುಹಾಕಿದ್ದ ಉಳಿ, ಸುತ್ತಿಗೆ ಇಳಿಸಿಕೊಂಡ. ಟೀಪಾಟಿನ ಹಿಡಿಯ ಬುಡದಲ್ಲಿ, ಚರ್ಚಿನ ಕೆನೆಬಣ್ಣವೂ ಶಾಲೆಯ ನೀಲಿಯೂ ಸೇರುವ ಜಾಗದಲ್ಲಿ ಉಳಿಯ ಮೊನೆ ಇಟ್ಟ. ಬಹಳ ಮರ್ಯಾದೆಯಿಂದ ಒಂದೇ ಒಂದು ಏಟು ಕೊಟ್ಟ.

'ಟಿಕ್.'

ಶುಕ್ರವಾರ ಬೆಳಿಗ್ಗೆ ಡೆಲ್ಮಾಗೆ ಫೋನು ಮಾಡಿದ. "ಹಿಡಿ ಹತ್ರ ಬಿರುಕು ಬಿಟ್ಟಿದೆ."

"ದೊಡ್ಡದಾ?"

"ಈಗ ಚಿಕ್ಕದು. ಆದ್ರೆ ಮೂರು ಸಾವಿರ ಕಿಲೋ ಅಲ್ವಾ. ಬಿಟ್ರೆ ಕಷ್ಟ."

"ಅಯ್ಯೋ ಕರ್ಮ," ಎಂದಳು ಡೆಲ್ಮಾ. ಆ ದನಿಯಲ್ಲಿ ಬೇಸರಕ್ಕಿಂತ ಬೇರೇನೋ ಇತ್ತು. ಅವಳ ಮನೆಯಲ್ಲೂ ಎರಡು ಶನಿವಾರ ಉದ್ದವಾಗಿ ಕಳೆದಿದ್ದವು. "ನಾಳೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಸ್ಕೋನ್ ಮಾಡ್ಲಾ, ಕೇಕ್ ಮಾಡ್ಲಾ?"

ಶನಿವಾರ ಎಲ್ಲರಿಗಿಂತ ಮೊದಲು ಬಂದವರು ಮಿಸ್ ಟ್ರಾನ್. ಆಸ್ಮಂಡ್ ಆಗಷ್ಟೇ ಚಿಕ್ಕ ಪಾಟಿನಿಂದ ಎರಡು ಕಪ್ಪು ಬಗ್ಗಿಸಿಟ್ಟಿದ್ದ. ಟೀಚರು ಬಿರುಕು ನೋಡಿ ಬರುತ್ತೇನೆಂದು ನೇರ ಶೆಡ್ಡಿಗೆ ಹೋದರು. ಅವನು ಹಿಂದೆ ಹಿಂದೆ ಹೋದ. ಅವರು ಮೊಣಕಾಲೂರಿ, ಹಿಡಿಯ ಬುಡಕ್ಕೆ ಕಣ್ಣಿಟ್ಟು, ಬಿರುಕಿನ ಒಂದು ತುದಿಯಲ್ಲಿ ಉಳಿಯ ಮೊನೆಯಷ್ಟೇ ಅಗಲದ, ಚೌಕನೆಯ ಒಂದು ಗುಳಿಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಗೋಡೆಯ ಕಡೆ ನೋಡಿದರು. ಉಳಿಯ ಬಾಯಲ್ಲಿ ಅರ್ಧ ಕೆನೆಬಣ್ಣ, ಅರ್ಧ ನೀಲಿ ಅಂಟಿತ್ತು.

ಆಸ್ಮಂಡ್ ತನ್ನ ಚಪ್ಪಲಿ ನೋಡುತ್ತ ನಿಂತ. ಮೂವತ್ತೊಂದು ವರ್ಷದಲ್ಲಿ ಒಂದು ಲಾರಿಯ ತೂಕವನ್ನೂ ತಪ್ಪು ಬರೆದವನಲ್ಲ ಎಂದು ಹೇಳಬೇಕೆನಿಸಿತು.

ಹೊರಗೆ ಕಾರುಗಳ ಬಾಗಿಲು ಬಡಿದವು. "ಏನಪ್ಪಾ ಆಸ್, ಪೂರ್ತಿ ಆರಿತಾ?" ಎಂದು ಕ್ಲೆಮ್ ಗೇಟಿನಿಂದಲೇ ಕೂಗಿದ.

ಟೀಚರು ಉಳಿಯನ್ನು ಗೋಡೆಯಿಂದ ತೆಗೆದು, ತಮ್ಮ ಕರವಸ್ತ್ರದಿಂದ ಅದರ ಬಾಯಿ ಒರೆಸಿ, ಇದ್ದ ಜಾಗಕ್ಕೇ ನೇತುಹಾಕಿದರು. ಡೆಲ್ಮಾ ಸ್ಕೋನಿನ ತಟ್ಟೆ ಹಿಡಿದು ಒಳಗೆ ಬಂದಳು. "ಏನಂತೀರಿ ಟೀಚರ್, ಇವತ್ತೇ ಮುಗಿಯುತ್ತಾ?"

ಮಿಸ್ ಟ್ರಾನ್ ಬಿರುಕಿನ ಮುಂದೆ ಗೇಣು ಹಿಡಿದು, ಇನ್ನೊಂದು ಗೇಣು ಹಿಡಿದು, ತುಟಿ ಅಲುಗಿಸಿ ಲೆಕ್ಕ ಹಾಕಿದರು. "ಇದು ಒಂದು ದಿನದ ಕೆಲಸ ಅಲ್ಲ," ಎಂದರು. "ಹನ್ನೆರಡು ಹದಿಮೂರು ಶನಿವಾರನಾದ್ರೂ ಬೇಕು. ಆಮೇಲೂ ಆಗಾಗ ನೋಡ್ತಾ ಇರಬೇಕಾಗುತ್ತೆ."

ಅಳತೆ ಅವರದಾದ್ದರಿಂದ ಯಾರೂ ಅನುಮಾನಿಸಲಿಲ್ಲ. ಕ್ಲೆಮ್ ಕೋಟು ಬಿಚ್ಚಿದ. ಟೀಚರು ಅಡುಗೆಮನೆಗೆ ಹೋಗಿ, ಎದುರಿನ ಕುರ್ಚಿಯ ಮುಂದಿದ್ದ ಎರಡನೆಯ ಕಪ್ಪನ್ನು ಕೇಳದೆಯೇ ಎತ್ತಿಕೊಂಡು, ತಣ್ಣಗಾಗುವ ಮೊದಲು ಪೂರ್ತಿ ಕುಡಿದರು. ಕಪ್ಪನ್ನು ಕೆಳಗಿಟ್ಟು, ಹಿಂದೆಯೇ ಬಂದಿದ್ದ ಆಸ್ಮಂಡನ ಮುಖ ನೋಡಿದರು. ಉಳಿಯ ವಿಷಯ ಅವರು ಯಾರಿಗೂ ಹೇಳುವುದಿಲ್ಲವೆಂದು ಆಗ ಅವನಿಗೆ ತಿಳಿಯಿತು. ಅವರ ಶನಿವಾರಗಳ ಲೆಕ್ಕದ ವಿಷಯ ತಾನೂ ಯಾರಿಗೂ ಹೇಳಬಾರದೆಂದು ನಿಶ್ಚಯಿಸಿಕೊಂಡು, ಹದಿನಾರು ಕಪ್ಪಿನದನ್ನು ಇಳಿಸಲು ಕಪಾಟಿನ ಕಡೆ ಹೋದ.